ಇನ್ನೂ ಬಾರದ ವರ್ಷಗಳನ್ನು ಪಣಕ್ಕಿಡುವುದು

ಈ ಸಲ ವಿಮರ್ಶೆಗೆ ನಾನು ಎತ್ತಿಕೊಂಡಿರುವುದು ನಾಲ್ಕು ಪುಟದ ಒಂದು ನಿಯಮಾವಳಿ. ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಹನ್ನೆರಡು ಜನ ಸೇರಿ 2019ರಲ್ಲಿ ಶುರು ಮಾಡಿದ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಲೀಗಿನ ಕಟ್ಟಳೆಗಳು ಅದರಲ್ಲಿವೆ. ಬರೆದವನು ನಾನೇ. ತನ್ನ ಬರಹವನ್ನು ತಾನೇ ವಿಮರ್ಶಿಸುವುದು ಮರ್ಯಾದೆಯ ಕೆಲಸವಲ್ಲ ಎಂದು ಗೊತ್ತಿದೆ. ಆದರೆ ಆ ಪುಟಗಳ ಒಂದು ವಾಕ್ಯದಿಂದ ಒಬ್ಬರಿಗೆ ಅನ್ಯಾಯವಾಯಿತು, ಅದರ ಲಾಭ ನನಗೆ ಸಿಕ್ಕಿತು. ಅದನ್ನು ಅರ್ಥ ಮಾಡಿಕೊಳ್ಳಲು ಹೋದಾಗ ನನಗೆ ನೆರವಾದದ್ದು ಯಾವ ಕ್ರೀಡಾ ಪುಸ್ತಕವೂ ಅಲ್ಲ; ಸಭಾಪರ್ವ, ‘ಚೋಮನ ದುಡಿ’ ಮತ್ತು ಪೀಣ್ಯದ ಒಂದು ಚೀಟಿ ವ್ಯವಹಾರ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಫ್ಯಾಂಟಸಿ ಲೀಗಿನಲ್ಲಿ ನಿಜವಾದ ಆಟಗಾರರನ್ನು ಆರಿಸಿಕೊಂಡು ನಮ್ಮದೇ ಒಂದು ಕಾಲ್ಪನಿಕ ತಂಡ ಕಟ್ಟುತ್ತೇವೆ. ಅವರು ಅಂಕಣದಲ್ಲಿ ಗಳಿಸಿದ್ದು ನಮ್ಮ ಲೆಕ್ಕಕ್ಕೆ ಬರುತ್ತದೆ. 1980ರಲ್ಲಿ ಲೇಖಕ, ಸಂಪಾದಕ ಡೇನಿಯಲ್ ಓಕ್ರೆಂಟ್ ನ್ಯೂಯಾರ್ಕಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಬೇಸ್‌ಬಾಲಿಗೆ ಇಂಥದ್ದೊಂದು ಲೀಗು ಮಾಡಿದ. ಅವರು ಸೇರುತ್ತಿದ್ದ ‘ಲಾ ರೋಟಿಸರಿ ಫ್ರಾಂಸೇಸ್’ ಎಂಬ ಹೋಟೆಲಿನ ಹೆಸರೇ ಆ ಬಗೆಯ ಆಟಕ್ಕೆ ಅಂಟಿಕೊಂಡಿತು. ನಮ್ಮಲ್ಲಿ ಡ್ರೀಮ್11ನಂಥ ಆ್ಯಪ್‌ಗಳಿಂದ ಮನೆಮಾತಾದದ್ದು ಒಂದು ಪಂದ್ಯದ ಆಟ: ಸಂಜೆ ತಂಡ ಕಟ್ಟಿದರೆ ಮಧ್ಯರಾತ್ರಿಗೆ ಅದರ ಆಯುಸ್ಸು ಮುಗಿಯಿತು.

ಡೈನಾಸ್ಟಿ ಲೀಗು ಇದಕ್ಕೆ ತದ್ವಿರುದ್ಧ. ಹೆಸರೇ ಹೇಳುವ ಹಾಗೆ ಅದೊಂದು ವಂಶ. ಒಮ್ಮೆ ಆರಿಸಿದ ಆಟಗಾರ ವರ್ಷದಿಂದ ವರ್ಷಕ್ಕೆ ನಿಮ್ಮಲ್ಲೇ ಇರುತ್ತಾನೆ. ಅವನು ಮುದಿಯಾದರೆ ನಿಮ್ಮ ತಂಡವೂ ಮುದಿಯಾಗುತ್ತದೆ. ಹೊಸ ರಕ್ತ ಬರುವುದು ವರ್ಷಕ್ಕೊಮ್ಮೆ, ಹೊಸ ಆಟಗಾರರ ಡ್ರಾಫ್ಟಿನಲ್ಲಿ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿ ಮುಗಿಸಿದವರಿಗೆ ಮೊದಲ ಆಯ್ಕೆ, ಗೆದ್ದವರಿಗೆ ಕೊನೆಯದು. ಬಿದ್ದವರು ಎದ್ದು ನಿಲ್ಲಲು ಆಟವೇ ಇಟ್ಟಿರುವ ಊರುಗೋಲು ಅದು. ಆ ಆಯ್ಕೆಯ ಸರದಿಗೆ ‘ಪಿಕ್’ ಎನ್ನುತ್ತಾರೆ. ಈ ಊರುಗೋಲನ್ನೂ ಮಾರಬಹುದು. ಮುಂದಿನ ವರ್ಷದ್ದು, ಅದರ ಮುಂದಿನ ವರ್ಷದ್ದು ಕೂಡ. ಆ ಪಿಕ್‌ನಿಂದ ಸಿಗಲಿರುವ ಹುಡುಗ ಈಗಿನ್ನೂ ಹೈಸ್ಕೂಲಿನಲ್ಲಿ ಓದುತ್ತಿರಬಹುದು. ಆದರೂ ಅವನಿಗೊಂದು ಬೆಲೆ ಕಟ್ಟಿ, ಅದರ ಬದಲಿಗೆ ಈ ವರ್ಷವೇ ಆಡುವ ಒಬ್ಬ ತಾರೆಯನ್ನು ತರಬಹುದು.

ಈಗ ಆ ವಾಕ್ಯ. ಮೂಲ ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತಂದರೆ ಹೀಗೆ: “ತಂಡಗಳು ತಮ್ಮ ಮುಂದಿನ ಪಿಕ್‌ಗಳನ್ನು ಪರಸ್ಪರ ಒಪ್ಪಿಗೆಯ ಮೇಲೆ ವಿನಿಮಯ ಮಾಡಿಕೊಳ್ಳಬಹುದು.” ಬರೆದ ದಿನ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಇವತ್ತು ಓದಿದರೆ ಪದಪದಕ್ಕೂ ಒಂದೊಂದು ಜಗಳ ಕಾಣುತ್ತದೆ.

ಮೊದಲು ‘ಮುಂದಿನ’. ಅಮೆರಿಕದ ಎನ್‌ಬಿಎ ಋತು ಅಕ್ಟೋಬರಿನಲ್ಲಿ ಶುರುವಾಗಿ ಮರುವರ್ಷದ ಬೇಸಿಗೆಗೆ ಮುಗಿಯುತ್ತದೆ. ಡಿಸೆಂಬರಿನಲ್ಲಿ ಒಬ್ಬ ‘ಮುಂದಿನ ವರ್ಷದ ಪಿಕ್ ಕೊಡ್ತೀನಿ’ ಎಂದರೆ ಅದು ಇನ್ನು ಆರು ತಿಂಗಳಿಗೆ ಬರುವ ಜೂನಿನದೋ, ಮುಂದಿನ ಋತು ಕಳೆದ ಮೇಲಿನದೋ? ನಮ್ಮಲ್ಲಿ ಇಬ್ಬರು ಇದರ ಮೇಲೆ ಮಾತು ಬಿಟ್ಟು, ಒಂದೇ ಸಾಲಿನಲ್ಲಿ ಕೂತು ಕೆಲಸ ಮಾಡುತ್ತ ಮೂರು ವಾರ ಕಳೆದರು. ಎರಡನೆಯದು ‘ತಮ್ಮ’. ಒಬ್ಬನ ಕೈಯಲ್ಲಿ ತನ್ನ ಪಿಕ್ಕೂ ಇನ್ನೊಬ್ಬನಿಂದ ಬಂದ ಪಿಕ್ಕೂ ಇದ್ದರೆ ಎರಡೂ ‘ತನ್ನದೇ’. ಆದರೆ ಬೆಲೆ ಒಂದೇ ಅಲ್ಲ. ಪಿಕ್‌ನ ಬೆಲೆ ಈಗ ಯಾರ ಕೈಯಲ್ಲಿದೆ ಎಂಬುದರಿಂದ ನಿಲ್ಲುವುದಿಲ್ಲ. ಅದು ಮೊದಲು ಯಾರದಾಗಿತ್ತೋ ಆ ತಂಡ ಎಷ್ಟು ಸೋಲುತ್ತದೆ ಎಂಬುದರಿಂದ ನಿಲ್ಲುತ್ತದೆ. ಇವೆರಡನ್ನೂ ಸರಿಪಡಿಸುವುದು ಸುಲಭ. ಯಾವ ಇಸವಿ, ಯಾವ ಸುತ್ತು, ಮೂಲದಲ್ಲಿ ಯಾವ ತಂಡದ್ದು ಎಂಬ ಮೂರನ್ನೂ ಬರೆಯದ ಒಪ್ಪಂದ ಒಪ್ಪಂದವೇ ಅಲ್ಲ ಎಂದು ತಿದ್ದಿದೆವು. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಬರೆಯುವ ಹಾಗೆ.

ಸುಲಭಕ್ಕೆ ಸರಿಹೋಗದ್ದು ‘ಪರಸ್ಪರ ಒಪ್ಪಿಗೆ’.

2024ರ ಜನವರಿ. ನನ್ನ ತಂಡ ನಡುವಿನಲ್ಲಿ ತೆವಳುತ್ತಿತ್ತು. ನನ್ನಲ್ಲಿದ್ದ, ಮೂವತ್ತು ದಾಟಿದ ಇಬ್ಬರು ದೊಡ್ಡ ಆಟಗಾರರ ಮೇಲೆ ಗೆಳೆಯನೊಬ್ಬನಿಗೆ ಕಣ್ಣಿತ್ತು. ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದು, “ಗುರು, ಈ ಸಲ ಕಪ್ ಬೇಕೇ ಬೇಕು. ಇಬ್ಬರನ್ನೂ ಕೊಡು. 2024, 25, 26 ಮೂರೂ ವರ್ಷದ ಫಸ್ಟ್ ರೌಂಡ್ ತಗೋ” ಎಂದ. “ಮೂರೂ ಕೊಟ್ಟು ಆಮೇಲೇನು ಮಾಡ್ತೀಯ ಮಗಾ?” ಎಂದೆ. “ಆಮೇಲಿಂದು ಆಮೇಲೆ” ಎಂದು ನಕ್ಕ. ಲೀಗಿನ ಕಮಿಷನರ್, ಅಂದರೆ ವ್ಯವಹಾರಗಳಿಗೆ ಮುದ್ರೆ ಒತ್ತುವವನು, ನಾನೇ. ನನ್ನದೇ ವ್ಯವಹಾರವಾದ್ದರಿಂದ ಉಳಿದವರ ಮತಕ್ಕೆ ಹಾಕಿದೆ. ಒಬ್ಬನನ್ನು ಬಿಟ್ಟು ಎಲ್ಲರೂ ಒಪ್ಪಿದರು. ಬೆಳಿಗ್ಗೆ ಐದೂವರೆಗೆ ಶುರುವಾಗುವ ಪಂದ್ಯಗಳನ್ನು ಕಚೇರಿ ಬಸ್ಸಿನಲ್ಲಿ ಮೊಬೈಲ್ ಹಿಡಿದು ನೋಡುತ್ತ, ಔಟರ್ ರಿಂಗ್ ರೋಡಿನ ಟ್ರಾಫಿಕ್ಕನ್ನೂ ಮರೆತು, ಆ ವಸಂತದಲ್ಲಿ ಗೆಳೆಯ ಕಪ್ ಗೆದ್ದ. ಜೂನಿನಲ್ಲಿ ಅವನಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. ಲೀಗು ಬಿಟ್ಟ. ಬಿಡುವುದು ತಪ್ಪೇನಲ್ಲ. ಆದರೆ ಜನವರಿಯಲ್ಲಿ ಅವನು ಮಾರಿದ್ದು ತಾನು ಇರದ ವರ್ಷಗಳನ್ನು.

ಅಕ್ಟೋಬರಿನಲ್ಲಿ ಆ ತಂಡವನ್ನು ಹಾಸನದ ಕಡೆಯ ಒಬ್ಬ ಹುಡುಗಿ ವಹಿಸಿಕೊಂಡಳು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಮುದಿಯಾದ ಇಬ್ಬರು ತಾರೆಯರು, ಉಳಿದವರು ಬೆಂಚಿನವರು, ಡ್ರಾಫ್ಟಿನಲ್ಲಿ ಎರಡು ವರ್ಷ ಮೊದಲ ಸುತ್ತಿನ ಸರದಿಯೇ ಇಲ್ಲ. ಲೆಡ್ಜರ್ ಶೀಟು ನೋಡಿ ಅವಳು ಕೇಳಿದಳು: “ಸರ್, 2026ರಲ್ಲಿ ಈ ಟೀಮ್ ನಂದೇ ಅಲ್ವಾ? ಮತ್ತೆ ನನ್ನ ಪಿಕ್ ಕೊಡೋಕೆ ಯಾರು ಒಪ್ಪಿದ್ರು?”

ನಾನು, “ಅದು ಟೀಮ್ ಒಪ್ಪಿದ್ದು. ಟೀಮಿಗೆ ಹೊಸಬರು ಬಂದ್ರೂ ಹಳೇ ಒಪ್ಪಂದ ನಡೆಯುತ್ತೆ, ರೂಲ್ ಹಾಗಿದೆ” ಎಂದೆ. ಹೇಳುವಾಗಲೇ ನಾಲಿಗೆ ತಡವರಿಸಿತು.

ಆ ವರ್ಷ ಅವಳ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಆ ಕೊನೆಯ ಸ್ಥಾನದ ಫಲವಾದ ಮೊದಲ ಪಿಕ್ ನನ್ನ ಕೈಯಲ್ಲಿತ್ತು. 2025ರ ಜೂನಿನಲ್ಲಿ ಡಲ್ಲಾಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿದ ಕೂಪರ್ ಫ್ಲ್ಯಾಗ್‌ನನ್ನು ನಾನೂ ಮೊದಲು ಆರಿಸಿದೆ. ಆ ಇಡೀ ಋತುವಿನಲ್ಲಿ ಅವಳು ಸೋತ ಪ್ರತಿ ವಾರವೂ ನನ್ನ ಪಿಕ್ ಹಣ್ಣಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಪಟ್ಟಿ ತೆರೆದು ಅವಳ ಸೋಲನ್ನು ನಾನು ಮೊದಲು ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಈ ಬಗೆಯ ವ್ಯವಹಾರದ ದೊಡ್ಡ ಪಾಠಗಳು ನಿಜವಾದ ಎನ್‌ಬಿಎಯಲ್ಲೇ ಇವೆ. 1980ರ ಸುಮಾರಿಗೆ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡದ ಮಾಲೀಕನಾಗಿದ್ದ ಟೆಡ್ ಸ್ಟೆಪಿಯನ್ನನ ಕಾಲದಲ್ಲಿ ಆ ತಂಡ ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಒಂದರ ಹಿಂದೊಂದು ಬಿಟ್ಟುಕೊಟ್ಟಿತು. ಕೊನೆಗೆ ಲೀಗು, ಬರಲಿರುವ ಯಾವ ಎರಡು ಸತತ ವರ್ಷಗಳಲ್ಲೂ ತಂಡವೊಂದು ಮೊದಲ ಸುತ್ತಿನ ಪಿಕ್ ಇಲ್ಲದೆ ಉಳಿಯುವಂತೆ ವ್ಯವಹಾರ ಮಾಡಬಾರದು ಎಂಬ ಕಟ್ಟಳೆ ತಂದಿತು. ಅದಕ್ಕೆ ಇವತ್ತಿಗೂ ಸ್ಟೆಪಿಯನ್ ನಿಯಮ ಎಂದೇ ಹೆಸರು. ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಕತೆ: 1983ರಲ್ಲಿ ಹೊಸ ಮಾಲೀಕರು ಬಂದಾಗ, ಖಾಲಿಯಾದ ತಂಡವನ್ನು ಕೊಳ್ಳುವವರಿಗೆ ಲೀಗು ಹೆಚ್ಚುವರಿ ಮೊದಲ ಸುತ್ತಿನ ಪಿಕ್‌ಗಳನ್ನು ಒದಗಿಸಿತು. ಹಿಂದಿನವನು ಮಾಡಿದ್ದನ್ನು ರದ್ದು ಮಾಡಲಿಲ್ಲ. ಬಂದವರನ್ನು ಬರಿಗೈಯಲ್ಲೂ ಬಿಡಲಿಲ್ಲ.

ಕಟ್ಟಳೆ ಇದ್ದ ಮಾತ್ರಕ್ಕೆ ವಿವೇಕ ಬರುತ್ತದೆ ಎಂದೇನೂ ಇಲ್ಲ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಎಂಬ ಇಬ್ಬರು ಹಿರಿಯರನ್ನು ಬಾಸ್ಟನ್‌ನಿಂದ ತರಲು 2014, 2016, 2018ರ ಪಿಕ್‌ಗಳನ್ನು ಕೊಟ್ಟಿತು. ಒಂದು ವರ್ಷ ಬಿಟ್ಟು ಒಂದು ವರ್ಷ, ನಿಯಮ ಮುರಿಯಲಿಲ್ಲ. ನಡುವಿನ 2017ಕ್ಕೆ ‘ಕೊಡುವುದಿಲ್ಲ, ಬೇಕಾದರೆ ಅದಲುಬದಲು ಮಾಡಿಕೊಳ್ಳುವ ಹಕ್ಕು ಕೊಡುತ್ತೇವೆ’ ಎಂದರು. ಅಕ್ಷರ ಉಳಿಯಿತು, ಆಶಯ ಹೋಯಿತು. 2016–17ರಲ್ಲಿ ನೆಟ್ಸ್ 82 ಪಂದ್ಯಗಳಲ್ಲಿ 62 ಸೋತು ಲೀಗಿನ ತಳಕ್ಕೆ ಹೋದಾಗ ಆ ಸೋಲಿನ ಬೆಳೆ ಕೊಯ್ದದ್ದು ಬಾಸ್ಟನ್. ಆ ಪಿಕ್‌ಗಳ ದಾರಿಯಲ್ಲೇ ಬಂದ ಜೇಲೆನ್ ಬ್ರೌನ್ ಮತ್ತು ಜೇಸನ್ ಟೇಟಮ್ 2024ರಲ್ಲಿ ಬಾಸ್ಟನ್‌ಗೆ ಪ್ರಶಸ್ತಿ ತಂದರು.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಅಮೆರಿಕಕ್ಕಿಂತ ಪೀಣ್ಯ ಹೆಚ್ಚು ನೆನಪಾಯಿತು. ನನ್ನ ಅಪ್ಪ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್ ಆಗಿದ್ದವರು. 1999ರಲ್ಲಿ ಅವರ ಪಾಳಿಯವರು ಇಪ್ಪತ್ತು ಜನ ಸೇರಿ ಚೀಟಿ ಹಾಕಿದರು. ತಿಂಗಳಿಗೆ ಒಂದು ಸಾವಿರ, ಇಪ್ಪತ್ತು ತಿಂಗಳು, ಇಪ್ಪತ್ತು ಸಾವಿರದ ಚೀಟಿ. ಪ್ರತಿ ತಿಂಗಳು ಕೂಗು. ಅಗತ್ಯ ಹೆಚ್ಚಿದ್ದವನು ಹೆಚ್ಚು ಬಿಟ್ಟುಕೊಟ್ಟು ಮೊದಲೇ ಎತ್ತುತ್ತಾನೆ. ಬಿಟ್ಟ ಹಣ ಎಲ್ಲರಿಗೂ ಹಂಚಿಕೆಯಾಗುತ್ತದೆ. ನಾಲ್ಕನೇ ತಿಂಗಳು ಅಪ್ಪನ ಜೊತೆಗಾರರೊಬ್ಬರು ಹೆಂಡತಿಯ ಆಪರೇಷನ್ನಿಗೆಂದು ಆರು ಸಾವಿರ ಬಿಟ್ಟು ಹದಿನಾಲ್ಕು ಸಾವಿರ ಎತ್ತಿದರು. ಆ ತಿಂಗಳು ಎಲ್ಲರಿಗೂ ಮುನ್ನೂರು ರೂಪಾಯಿ ಉಳಿಯಿತು. ಅಪ್ಪ ಅವತ್ತು ಜಾಲಹಳ್ಳಿ ಕ್ರಾಸಿನಿಂದ ಅರ್ಧ ಕೇಜಿ ಮೈಸೂರು ಪಾಕು ತಂದಿದ್ದು ನನಗೆ ನೆನಪಿದೆ. ಒಬ್ಬರ ಅವಸರದ ಸಿಹಿಯನ್ನು ನಾವೂ ತಿಂದಿದ್ದೆವು.

ಚೀಟಿ ನಿಧಿಗಳ 1982ರ ಕಾಯ್ದೆಯ ಪ್ರಕಾರ ಚೀಟಿ ಎತ್ತಿದವರು ಉಳಿದ ಕಂತುಗಳಿಗೆ ಭದ್ರತೆ ಕೊಡಬೇಕು. ಎಂದರೆ ಬಾರದ ತಿಂಗಳುಗಳನ್ನು ಈಗಲೇ ಖರ್ಚು ಮಾಡುವವನು ಆ ತಿಂಗಳುಗಳಲ್ಲೂ ತಾನಿರುತ್ತೇನೆ ಎಂಬುದಕ್ಕೆ ಏನಾದರೂ ಒತ್ತೆ ಇಡಬೇಕು. ಕಾರ್ಖಾನೆ ಗೇಟಿನ ಚೀಟಿಗೆ ಕಾಯ್ದೆಯೆಲ್ಲಿ? “ಅಣ್ಣಾ, ನೀವೊಂದು ಮಾತು ಹೇಳಿ ಸಾಕು” ಎಂದು ಅವರು ಕೇಳಿದರು, ಅಪ್ಪ ಹೇಳಿದರು. ಒಂಬತ್ತನೇ ತಿಂಗಳು ಅವರು ಕೆಲಸಕ್ಕೆ ಬರಲಿಲ್ಲ. ಬಾಡಿಗೆ ಮನೆ ಖಾಲಿಯಾಗಿತ್ತು. ಉಳಿದ ಹನ್ನೆರಡು ಕಂತುಗಳನ್ನು ಅಪ್ಪ ತಮ್ಮದರ ಜೊತೆಗೆ ಕಟ್ಟಿದರು. ಆ ವರ್ಷ ಅಕ್ಕ ಎರಡನೇ ಪಿಯುಸಿಗೆ ಹೋಗಲಿಲ್ಲ. ಪೀಣ್ಯದ ಒಂದು ಗಾರ್ಮೆಂಟ್ಸಿಗೆ ಸೇರಿದಳು. ನಾನು ಓದು ಮುಂದುವರಿಸಿದೆ, ಇಂಜಿನಿಯರಾದೆ, ವೈಟ್‌ಫೀಲ್ಡಿಗೆ ಬಂದೆ.

ಹಾಗಾದರೆ ಇಲ್ಲಿ ತಪ್ಪು ಯಾರದು? ಓಡಿಹೋದವರದೇ? ಅವರ ಹೆಂಡತಿಯ ಆಪರೇಷನ್ ನಿಜವಾಗಿತ್ತು. ಮಾತು ಕೊಟ್ಟ ಅಪ್ಪನದೇ? ಈ ಪ್ರಶ್ನೆಯನ್ನು ಎಲ್ಲರಿಗಿಂತ ನೇರವಾಗಿ ಕೇಳಿದವಳು ದ್ರೌಪದಿ.

ಸಭಾಪರ್ವದ ದ್ಯೂತವನ್ನು ಸಾಮಾನ್ಯವಾಗಿ ವ್ಯಸನದ ಕತೆಯಾಗಿ, ಮೋಸದ ಕತೆಯಾಗಿ, ಹೆಣ್ಣಿನ ಅಪಮಾನದ ಕತೆಯಾಗಿ ಓದುತ್ತೇವೆ. ಆ ಓದುಗಳೆಲ್ಲ ಸರಿ. ನನಗೆ ಈಗ ಮುಖ್ಯವಾಗಿ ಕಾಣುವುದು ಪಣಗಳ ಕ್ರಮ. ಧರ್ಮರಾಯ ಮೊದಲು ಇಡುವುದು ಇರುವುದನ್ನು: ರತ್ನ, ರಥ, ರಾಜ್ಯ. ಅದು ಮುಗಿದಾಗ ತಮ್ಮಂದಿರನ್ನು, ಆಮೇಲೆ ತನ್ನನ್ನು, ಕೊನೆಗೆ ದ್ರೌಪದಿಯನ್ನು. ಅವಳು ಸಭೆಗೆ ಕೇಳುವ ಪ್ರಶ್ನೆ ವ್ಯಾಸರಲ್ಲೂ ಕುಮಾರವ್ಯಾಸನಲ್ಲೂ ಕತೆಯ ಕೀಲಿ. ಆತ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಕಳೆದುಕೊಂಡವನಿಗೆ ಮತ್ತೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಇದು ಕಣ್ಣೀರಿನ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಹಾಸನದ ಹುಡುಗಿ ಲೆಡ್ಜರ್ ನೋಡಿ ಕೇಳಿದ್ದೂ ಅದನ್ನೇ: ಆ ಹೊತ್ತಿಗೆ ಇಲ್ಲಿರದೇ ಹೋಗುವವನು ಆ ಹೊತ್ತನ್ನು ಹೇಗೆ ಕೊಟ್ಟ?

ವ್ಯಾಸರ ಭೀಷ್ಮ ಇದಕ್ಕೆ ಧರ್ಮ ಸೂಕ್ಷ್ಮವಾದದ್ದು ಎನ್ನುತ್ತಾನೆ. ನಾನು ‘ರೂಲ್ ಹಾಗಿದೆ’ ಎಂದೆ. ವಿಕರ್ಣನೊಬ್ಬ ಎದ್ದು ನಿಂತು ಆಕ್ಷೇಪಿಸಿದ ಹಾಗೆ ನಮ್ಮಲ್ಲೂ ಒಬ್ಬ ವಿರುದ್ಧ ಮತ ಹಾಕಿದ್ದ. ಅವನ ಮಾತು ನಾವೂ ಕೇಳಿರಲಿಲ್ಲ.

ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಅದರ ಬದಲು ಧೃತರಾಷ್ಟ್ರ ವರ ಕೊಟ್ಟ. ದ್ರೌಪದಿ ಎರಡು ವರಗಳಲ್ಲಿ ಗಂಡಂದಿರನ್ನು ಬಿಡಿಸಿಕೊಂಡು ಮೂರನೆಯದನ್ನು ಬೇಡವೆಂದಳು. ರಾಜ್ಯವೂ ಹಿಂದಿರುಗಿತು. ಸಭೆ ನಿಟ್ಟುಸಿರು ಬಿಟ್ಟಿತು. ಆದರೆ ಸಿಕ್ಕಿದ್ದು ಒಬ್ಬ ದೊರೆಯ ದಾನ, ಸಭೆಯ ತೀರ್ಪಲ್ಲ. ಹಾಗೆ ಪಣ ಇಡುವುದು ಸಲ್ಲದು ಎಂದು ಯಾರೂ ಹೇಳಲಿಲ್ಲ. ಅದಕ್ಕೇ ಸ್ವಲ್ಪ ಹೊತ್ತಿನಲ್ಲಿ ಪಾಂಡವರನ್ನು ಮತ್ತೆ ಕರೆಸಲು ಸಾಧ್ಯವಾಯಿತು. ಈ ಸಲ ಪಣ ಸಂಪತ್ತಲ್ಲ, ಕಾಲ: ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತ. ನಮ್ಮ ಕಾವ್ಯ ಪರಂಪರೆಯಲ್ಲಿ ಮುಂದಿನ ವರ್ಷಗಳನ್ನೇ ಎಣಿಸಿ ಹಲಗೆಯ ಮೇಲಿಟ್ಟ ಆಟ ಎಂದರೆ ಅನುದ್ಯೂತ. ಮೊದಲ ದ್ಯೂತದ ಪ್ರಶ್ನೆಯನ್ನು ವರದಿಂದ ಮುಚ್ಚಿದ್ದರ ಬೆಲೆ ಅದು.

ಧರ್ಮರಾಯನ ಬಳಿ ಇವತ್ತು ಇತ್ತು, ಇದ್ದೂ ನಾಳೆಯನ್ನಿಟ್ಟ. ಇವತ್ತೇ ಇಲ್ಲದವರ ಕತೆ ಬೇರೆ. ಕಾರಂತರ ‘ಚೋಮನ ದುಡಿ’ (1933) ಅಂಥವನ ಕತೆ. ಬೇಸಾಯದ ಕನಸನ್ನು ಹೊತ್ತು ಎತ್ತುಗಳನ್ನು ಸಾಕಿದ ಹೊಲೆಯನಿಗೆ ನೆಲ ಸಿಗದ ಕಾದಂಬರಿಯಾಗಿ ಅದನ್ನು ಓದುವುದು ರೂಢಿ, ಅದೇ ಅದರ ಬೆನ್ನೆಲುಬು ಕೂಡ. ಆದರೆ ಕತೆಯನ್ನು ಮುಂದಕ್ಕೆ ನೂಕುವುದು ಕಾಫಿ ತೋಟದ ಸಾಲ. ಸಾಲ ಮಾಡಿದ್ದು ಚೋಮ. ತೀರಿಸಲು ಘಟ್ಟ ಹತ್ತುವುದು ಮಕ್ಕಳು. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ, ಗುರುವ ಮನೆಗೆ ಮರಳುವುದಿಲ್ಲ, ಕೊನೆಗೆ ಬೆಳ್ಳಿ ಹೋಗುತ್ತಾಳೆ. ಆ ಲೆಕ್ಕದ ಪುಸ್ತಕದಲ್ಲಿ ಹೆಸರು ಚೋಮನದು, ದಿನಗಳು ಮಕ್ಕಳವು. ಒಂದು ಕಚೇರಿ ಆಟವನ್ನೂ ಚೋಮನ ಬದುಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಸಭ್ಯ, ನಾನು ತೂಗುತ್ತಿಲ್ಲ. ಆಟದಲ್ಲಿ ಸೋತವಳು ಮೊಬೈಲ್ ಮುಚ್ಚಿಟ್ಟು ಮನೆಗೆ ಹೋಗಬಹುದು, ಬೆಳ್ಳಿಗೆ ಆ ಅನುಕೂಲವಿಲ್ಲ. ಆದರೆ ವಾಕ್ಯದ ರಚನೆ ಒಂದೇ. ಎರಡು ಕಡೆಯವರ ಒಪ್ಪಿಗೆಯಿದೆ; ತೆರುವವರು ಮೂರನೆಯವರು, ಅವರು ಆ ಮಾತು ನಡೆಯುವಾಗ ಅಲ್ಲಿರುವುದಿಲ್ಲ.

ಹೀಗೆಂದು ನಾಳೆಯನ್ನು ಮುಟ್ಟಲೇಬಾರದು ಎಂದರೆ ಅದು ಹೊಟ್ಟೆ ತುಂಬಿದವರ ಉಪದೇಶ. ಚೀಟಿಯಿಲ್ಲದಿದ್ದರೆ ಪೀಣ್ಯದ ಎಷ್ಟೋ ಮನೆಗಳಲ್ಲಿ ಮದುವೆ ಆಗುತ್ತಿರಲಿಲ್ಲ, ಲೀಸಿನ ಹಣ ಹೊಂದುತ್ತಿರಲಿಲ್ಲ. ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟ್ ಕೊಂಡ ನಾನೂ ಇಪ್ಪತ್ತು ವರ್ಷದ ಸಂಬಳವನ್ನು ಮುಂಗಡ ಬರೆದುಕೊಟ್ಟವನೇ. ಆಟದಲ್ಲೂ ಮುಂದಿನ ಪಿಕ್ ಮಾರುವ ದಾರಿ ಮುಚ್ಚಿದರೆ ನಡುವಿನಲ್ಲಿರುವ ತಂಡಗಳು ಅಲ್ಲೇ ಕೊಳೆಯುತ್ತವೆ. ಕೆಲವೊಮ್ಮೆ ಮಾರಿದವರಿಗಿಂತ ಕೊಂಡವರು ಕೆಡುತ್ತಾರೆ. ಪ್ರಶ್ನೆ ಮಾರಬಹುದೇ ಎಂಬುದಲ್ಲ. ಎಷ್ಟು ದೂರದ್ದನ್ನು, ಯಾವ ಜಾಮೀನಿನ ಮೇಲೆ, ಇಲ್ಲದವರ ಪಾಲಿಗೆ ಏನು ಉಳಿಸಿ ಎಂಬುದು.

ಜಾಮೀನಿನ ಮಾತೇ ತೊಡಕಿನದು. ಬಹಳಷ್ಟು ಡೈನಾಸ್ಟಿ ಲೀಗುಗಳಲ್ಲಿ ಒಂದು ಪದ್ಧತಿಯಿದೆ: 2027ರ ಪಿಕ್ ಮಾರಬೇಕಾದರೆ 2027ರ ಪ್ರವೇಶ ಶುಲ್ಕವನ್ನು ಈಗಲೇ ಕಟ್ಟು. ಓಡಿಹೋದರೆ ಆ ಹಣ ನಿನ್ನ ಜಾಗಕ್ಕೆ ಬಂದವರ ಶುಲ್ಕವಾಗುತ್ತದೆ. ಚೀಟಿ ಕಾಯ್ದೆಯ ವಿವೇಕವೇ ಇದು. ನಾವು ವರ್ಷಕ್ಕೆ ತಲಾ ಐನೂರು ರೂಪಾಯಿ ಹಾಕಿ ಒಂದು ಕಪ್ಪು, ಒಂದು ಬಿರಿಯಾನಿ ಊಟ ಮಾಡುತ್ತಿದ್ದೆವು. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದು, ಡ್ರೀಮ್11 ಕೂಡ ಹಣದ ಸ್ಪರ್ಧೆಗಳನ್ನು ನಿಲ್ಲಿಸಿದ ಮೇಲೆ, ನಾವು ಆ ಐನೂರನ್ನೂ ಕೈಬಿಟ್ಟೆವು. ಈಗ ನಮ್ಮ ಲೀಗಿನಲ್ಲಿ ಒತ್ತೆ ಇಡಲು ಹಣವೇ ಇಲ್ಲ. ಉಳಿದದ್ದು ಅಪ್ಪ ಗೇಟಿನ ಹತ್ತಿರ ಕೊಟ್ಟ ಅದೇ ಜಾಮೀನು: ಮಾತು. ಅದರ ಬಲವೆಷ್ಟೆಂದು ನಮ್ಮ ಮನೆಗೆ ಗೊತ್ತು.

ಕಳೆದ ಸೆಪ್ಟೆಂಬರಿನಲ್ಲಿ ನಾನು ಆ ಹುಡುಗಿಯನ್ನು ಕರೆದು, ನನ್ನಲ್ಲಿರುವ ಅವಳ 2026ರ ಪಿಕ್ಕನ್ನು ಸುಮ್ಮನೆ ವಾಪಸ್ ಕೊಡುತ್ತೇನೆ ಎಂದೆ. ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಯೋಚಿಸಿ, “ಬೇಡ ಸರ್. ನೀವು ಒಳ್ಳೆಯವರು ಅಂತ ನನಗೆ ವಾಪಸ್ ಸಿಗುತ್ತೆ. ನಾಳೆ ಇನ್ಯಾರೋ ಬಂದಾಗ, ಅವರ ಪಿಕ್ ಇಟ್ಕೊಂಡಿರೋರು ಒಳ್ಳೆಯವರಲ್ಲ ಅಂದ್ರೆ? ರೂಲ್ ಬರೀರಿ” ಎಂದಳು. ದ್ರೌಪದಿಯ ಮೂರನೇ ವರ ನನಗೆ ಹೊಳೆದದ್ದು ಆಗ. ಅದುವರೆಗೆ ಅದನ್ನು ಅವಳ ಸ್ವಾಭಿಮಾನವೆಂದಷ್ಟೇ ಓದಿದ್ದೆ. ಕೊಡುವ ದೊರೆ ಕಸಿದುಕೊಳ್ಳಲೂ ಬಲ್ಲ, ಅವನ ಮುಂದೆ ಕೈಚಾಚುವುದಕ್ಕೆ ಒಂದು ಮಿತಿ ಇರಬೇಕು ಎಂಬ ಎಚ್ಚರವೂ ಅದರಲ್ಲಿರಬಹುದು.

ಹೊಸ ಕಟ್ಟಳೆಯನ್ನು ಇಬ್ಬರೂ ಕೂತು ಬರೆದೆವು, ಈ ಸಲ ಕನ್ನಡದಲ್ಲಿ. ಎರಡು ವರ್ಷದಾಚೆಯ ಪಿಕ್ ಮುಟ್ಟುವಂತಿಲ್ಲ. ಸತತ ಎರಡು ವರ್ಷದ ಮೊದಲ ಸುತ್ತನ್ನು ಕೊಡುವಂತಿಲ್ಲ. ಅದಲುಬದಲಿನ ಹಕ್ಕೂ ಕೊಟ್ಟಂತೆಯೇ ಲೆಕ್ಕ. ಋತು ಮುಗಿದ ಆರು ತಿಂಗಳೊಳಗೆ ಬಿಟ್ಟುಹೋದವರ ಕೊನೆಯ ವ್ಯವಹಾರಗಳನ್ನು, ಅದರಲ್ಲಿ ಪಾಲಿಲ್ಲದವರು ಮಾತ್ರ ಕೂತು ಮತ್ತೆ ನೋಡಬೇಕು. ಕಮಿಷನರನ ವ್ಯವಹಾರಕ್ಕೆ ಬೇರೊಬ್ಬರು ಮುದ್ರೆ ಒತ್ತಬೇಕು. ಕೊನೆಯದು ಕ್ಲೀವ್‌ಲ್ಯಾಂಡಿನಿಂದ ಎರವಲು ತಂದದ್ದು: ಖಾಲಿ ತಂಡ ವಹಿಸಿಕೊಂಡವರಿಗೆ, ಹಿಂದಿನವರು ಮಾರಿದ ಪ್ರತಿ ಮೊದಲ ಪಿಕ್‌ಗೂ ಬದಲಾಗಿ ಮೊದಲ ಸುತ್ತಿನ ಕೊನೆಯಲ್ಲಿ ಒಂದು ಹೆಚ್ಚುವರಿ ಪಿಕ್. ಅದರ ಭಾರ ಒಬ್ಬರ ಮೇಲೆ ಬೀಳದೆ ಎರಡನೇ ಸುತ್ತಿನಲ್ಲಿ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು. ಹನ್ನೆರಡರಲ್ಲಿ ಒಂಬತ್ತು ಮತ ಬಿದ್ದು ಪಾಸಾಯಿತು. ನಿಯಮಕ್ಕೆ ಮುಂಚಿನ ವ್ಯವಹಾರವಾದ್ದರಿಂದ 2026ರ ಪಿಕ್ ನನ್ನಲ್ಲೇ ಇದೆ. ಅವಳಿಗೆ ಹೆಚ್ಚುವರಿಯದು ಸಿಗುತ್ತದೆ. ಇದು ಪೂರ್ತಿ ನ್ಯಾಯವಲ್ಲ. ಆದರೆ ಯಾರ ಔದಾರ್ಯವನ್ನೂ ನೆಚ್ಚಿ ನಿಂತಿಲ್ಲ.

ಮೊನ್ನೆ ಭಾನುವಾರ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ದಾಸರಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಈ ಲೇಖನ ಬರೆಯುತ್ತಿರುವುದನ್ನು ಹೇಳಿ, 1999ರ ವಿಷಯ ಎತ್ತಿದೆ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಆ ಮಾತು ಬಂದಿರಲಿಲ್ಲ. ಅವಳು ಅವರೆಕಾಳು ಸುಲಿಯುತ್ತ, “ನಂಗೆ ಅಪ್ಪನ ಮೇಲೆ ಸಿಟ್ಟಿಲ್ಲ ಕಣೋ. ಕೇಳಿದ್ರೆ ನಾನೇ ಹೋಗ್ತೀನಿ ಅಂತಿದ್ದೆ. ಕೇಳ್ಲಿಲ್ಲ, ಅಷ್ಟೆ” ಎಂದಳು. ಆಮೇಲೆ, “ನೀನೂ ಕೇಳ್ಲಿಲ್ಲ” ಎಂದಳು. ಆಗ ನನಗೆ ಹನ್ನೆರಡು ವರ್ಷ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಪಕ್ಕದಲ್ಲಿ ಕೂತು ನಾನೂ ಅವರೆಕಾಯಿ ಸುಲಿಯತೊಡಗಿದೆ.